ವಯಸ್ಸಿನ ಗೆರೆ ಯಾರ ಕೈ ಕಟ್ಟಬೇಕು?

‘ಹದಿನೇಳು ವರ್ಷ ಹನ್ನೊಂದು ತಿಂಗಳಾದ ಹುಡುಗಿ ಕಾನೂನಿನ ಕಣ್ಣಲ್ಲಿ ಮಗು, ಮುಂದಿನ ತಿಂಗಳು ಅವಳೇ ದೊಡ್ಡವಳು. ಒಂದು ತಿಂಗಳಲ್ಲಿ ಅವಳಿಗೆ ಅದ್ಯಾವ ಬುದ್ಧಿ ಬಂದುಬಿಡುತ್ತದೆ?’ ಬಾಲ್ಯವಿವಾಹ ತಡೆಯಲು ಹೋದ ಅಧಿಕಾರಿಗಳೂ ಅಂಗನವಾಡಿ ಕಾರ್ಯಕರ್ತೆಯರೂ ಛತ್ರದ ಬಾಗಿಲಲ್ಲಿ ಎದುರಿಸುವ ಪ್ರಶ್ನೆ ಇದು. ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಪೊಲೀಸರಿಗೆ ಸಿಕ್ಕಿಬಿದ್ದ ತಂದೆಯೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾನೆ: ‘ನಮ್ಮ ಹುಡುಗ ಎಷ್ಟು ಚೆನ್ನಾಗಿ ಓಡಿಸುತ್ತಾನೆ ಎಂದು ನಮಗೆ ಗೊತ್ತಿಲ್ಲವೇ?’ ಈ ಪ್ರಶ್ನೆಯನ್ನು ಹುಂಬತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ನೆಟ್ಟಗೆ ಉತ್ತರ ಕೊಡದೆ ಮಕ್ಕಳ ರಕ್ಷಣೆಯ ಯಾವ ಕಾನೂನನ್ನೂ ಜನರಿಗೆ ಒಪ್ಪಿಸಲಾಗದು.

ಹದಿನೆಂಟು ತುಂಬಿದ ರಾತ್ರಿ ಯಾರಿಗೂ ಹೊಸ ವಿವೇಕ ಮೂಡುವುದಿಲ್ಲ ಎಂಬುದು ನಿಜ. ಹೊಲದ ಬದುವಿನ ಈಚೆಗಿನ ಮಣ್ಣಿಗೂ ಆಚೆಗಿನ ಮಣ್ಣಿಗೂ ಗುಣದಲ್ಲಿ ವ್ಯತ್ಯಾಸವಿರುವುದಿಲ್ಲ. ಆದರೂ ಬದು ಬೇಕು, ಅದಿಲ್ಲದಿದ್ದರೆ ಬಲವಿದ್ದವನ ನೇಗಿಲು ವರ್ಷಕ್ಕೊಂದು ಸಾಲು ಒಳಗೆ ಬರುತ್ತದೆ. ವಯಸ್ಸಿನ ಗೆರೆಯ ಸಮರ್ಥನೆ ಇರುವುದೂ ಇಲ್ಲೇ. ಗೆರೆ ಬೇಡ, ಒಂದೊಂದು ಮಗುವಿನ ಪ್ರೌಢತೆಯನ್ನೂ ನೋಡಿ ತೀರ್ಮಾನಿಸೋಣ ಎಂದರೆ, ನೋಡುವವರು ಯಾರು? ಮದುವೆಯ ವಿಷಯದಲ್ಲಿ ಹುಡುಗಿ ‘ಬೆಳೆದಿದ್ದಾಳೆ’ ಎನ್ನುವವರು ಮದುವೆ ಮಾಡಿಸುವವರೇ. ದುಡಿಮೆಯ ವಿಷಯದಲ್ಲಿ ಹುಡುಗ ‘ಗಟ್ಟಿಮುಟ್ಟಾಗಿದ್ದಾನೆ’ ಎನ್ನುವವರು ಕೆಲಸಕ್ಕೆ ಇಟ್ಟುಕೊಳ್ಳುವವರೇ. ಮಗುವಿನಿಂದ ಲಾಭ ಪಡೆಯುವವರ ಕೈಗೇ ಮಗುವನ್ನು ಅಳೆಯುವ ಕೋಲು ಸಿಗಬಾರದು ಎಂಬ ಎಚ್ಚರವೇ ವಯಸ್ಸಿನ ಕಾನೂನುಗಳ ಬೇರು.

ಈ ಎಚ್ಚರ ನಮಗೆ ಪುಕ್ಕಟೆಯಾಗಿ ಬರಲಿಲ್ಲ. 1860ರ ಭಾರತೀಯ ದಂಡಸಂಹಿತೆ ಹೆಣ್ಣುಮಗುವಿನ ಸಮ್ಮತಿಯ ವಯಸ್ಸನ್ನು ಹತ್ತು ಎಂದು ಇಟ್ಟಿತ್ತು. 1890ರಲ್ಲಿ ಕಲ್ಕತ್ತೆಯ ಫೂಲ್‌ಮಣಿ ಎಂಬ ಬಾಲಕಿ ಮೂವತ್ತು ದಾಟಿದ ಗಂಡನ ಬಲಾತ್ಕಾರದಿಂದ ಸತ್ತಳು. ಆಕೆಗೆ ಹತ್ತು ವರ್ಷ ದಾಟಿತ್ತು, ಆದ್ದರಿಂದ ಅದು ಅತ್ಯಾಚಾರದ ವ್ಯಾಖ್ಯೆಯೊಳಗೆ ಬರಲೇ ಇಲ್ಲ. ಆತ ಸಣ್ಣ ಅಪರಾಧವೊಂದಕ್ಕೆ ಸಣ್ಣ ಶಿಕ್ಷೆ ಅನುಭವಿಸಿದ. ಅದಕ್ಕೂ ಕೆಲವು ವರ್ಷ ಮೊದಲು ಬಾಲ್ಯದಲ್ಲೇ ಮದುವೆಯಾಗಿದ್ದ ರುಖ್ಮಾಬಾಯಿ, ಬೆಳೆದ ಮೇಲೆ ಗಂಡನ ಮನೆಗೆ ಹೋಗಲೊಲ್ಲೆ ಎಂದಾಗ, ಹೋಗು ಇಲ್ಲವೇ ಜೈಲಿಗೆ ಹೋಗು ಎಂದು 1887ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತ್ತು. ಆಕೆ ಜೈಲೇ ಆದೀತು ಎಂದರು, ಮುಂದೆ ವೈದ್ಯೆಯಾದರು. ಇವೆರಡೂ ದೇಶವನ್ನು ಅಲುಗಿಸಿದ ಮೇಲೆ 1891ರಲ್ಲಿ ಸಮ್ಮತಿಯ ವಯಸ್ಸು ಹನ್ನೆರಡಕ್ಕೆ ಏರಿತು. ಹತ್ತರಿಂದ ಹನ್ನೆರಡಕ್ಕೆ, ಬರೀ ಎರಡು ವರ್ಷ. ಅದಕ್ಕೂ ಬಾಲಗಂಗಾಧರ ತಿಲಕರಂಥ ದೊಡ್ಡ ನಾಯಕರು ವಿರೋಧಿಸಿದರು. ನಮ್ಮ ಮನೆಯೊಳಗಿನ ವಿಚಾರಕ್ಕೆ ಪರಕೀಯ ಸರ್ಕಾರ ಕೈಹಾಕಬಾರದು ಎಂಬುದು ಅವರ ವಾದ.

ಆ ವಾದಕ್ಕೆ ಉತ್ತರ ಬಂದದ್ದು ನಮ್ಮ ಮೈಸೂರಿನಿಂದ. ಮಹಾರಾಜರ ಸರ್ಕಾರ 1894ರಲ್ಲಿ ಶಿಶುವಿವಾಹ ತಡೆಯ ಕಾನೂನು ತಂದಿತು. ಎಂಟು ವರ್ಷದೊಳಗಿನ ಹೆಣ್ಣುಮಗುವಿಗೆ ಮದುವೆ ಮಾಡುವಂತಿಲ್ಲ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ ಎಂದಿತು. ಎಂಟು ಎಂಬ ಸಂಖ್ಯೆ ಇಂದು ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಆದರೆ ಅದರ ಎರಡನೆಯ ಷರತ್ತನ್ನು ಗಮನಿಸಬೇಕು. ಅದು ಹುಡುಗಿಯ ವಯಸ್ಸನ್ನಷ್ಟೇ ನೋಡಲಿಲ್ಲ, ಎದುರಿಗೆ ನಿಂತ ಗಂಡಸಿನ ವಯಸ್ಸನ್ನೂ ನೋಡಿತು. ಮಗುವಿಗೂ ಆಕೆಯ ಮೇಲೆ ಅಧಿಕಾರ ಚಲಾಯಿಸಬಲ್ಲವನಿಗೂ ನಡುವೆ ಇರುವ ದೂರವೇ ಅಪಾಯದ ಮೂಲ ಎಂಬ ತಿಳಿವಳಿಕೆ ಅದರಲ್ಲಿತ್ತು. ಇಂದಿನ ನಮ್ಮ ಕಾನೂನುಗಳು ಕೆಲವೊಮ್ಮೆ ಮರೆಯುವ ತಿಳಿವಳಿಕೆ ಅದು.

ಅಲ್ಲಿಂದ ಇಲ್ಲಿಗೆ ಗೆರೆಗಳು ಬಹಳ ಮುಂದೆ ಬಂದಿವೆ. ಮದುವೆಗೆ 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರಲ್ಲಿ ಅದು 18 ಮತ್ತು 21 ಆಯಿತು. 1881ರ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನವರನ್ನು ಮಾತ್ರ ಗಿರಣಿಯಿಂದ ಹೊರಗಿಟ್ಟು, ಏಳರಿಂದ ಹನ್ನೆರಡರವರೆಗಿನ ಮಕ್ಕಳಿಗೆ ದಿನಕ್ಕೆ ಒಂಬತ್ತು ಗಂಟೆ ದುಡಿಯಲು ಬಿಟ್ಟಿತ್ತು. ಇಂದು ಸಂವಿಧಾನದ 24ನೇ ವಿಧಿ ಹದಿನಾಲ್ಕರೊಳಗಿನ ಯಾರನ್ನೂ ಕಾರ್ಖಾನೆ, ಗಣಿ, ಅಪಾಯದ ಕೆಲಸಗಳಿಗೆ ಸೇರಿಸಕೂಡದು ಎನ್ನುತ್ತದೆ. ಹೀಗೆ ಗೆರೆಗಳು ಮುಂದೆ ಬಂದದ್ದು ಸಾಧನೆಯೇ. ಆದರೆ ಸಂಖ್ಯೆ ಏರಿಸುವುದೇ ರಕ್ಷಣೆ ಎಂಬ ಭಾವನೆಯೂ ಜೊತೆಗೆ ಬೆಳೆದಿದೆ. ಒಂದು ದುರಂತ ನಡೆದಾಗಲೆಲ್ಲ ‘ವಯಸ್ಸು ಹೆಚ್ಚಿಸಿ’ ಎಂಬ ಕೂಗು ಏಳುತ್ತದೆ. ವಯಸ್ಸಿನ ಯಾವ ಕಾನೂನನ್ನಾದರೂ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಬೇಕು ಎಂಬುದು ನನ್ನ ವಾದ. ಈ ಗೆರೆ ಯಾರ ಕೈ ಕಟ್ಟುತ್ತದೆ? ಬೇಡ ಎಂದ ಮೇಲೆ ಮಗುವಿಗೆ ನಾವು ಕೊಟ್ಟದ್ದೇನು? ಮಗು ಬೆಳೆಯುತ್ತಿರುತ್ತದೆ ಎಂಬುದು ಈ ಕಾನೂನಿಗೆ ಗೊತ್ತಿದೆಯೇ?

ಮೊದಲನೆಯದನ್ನು ನೋಡೋಣ. ತಂಬಾಕಿನ 2003ರ ಕಾಯ್ದೆ ಹದಿನೆಂಟರೊಳಗಿನವರಿಗೆ ಬೀಡಿ, ಸಿಗರೇಟು, ಗುಟ್ಕಾ ಮಾರಕೂಡದು ಎನ್ನುತ್ತದೆ. ಶಾಲಾ ಕಾಲೇಜಿನ ನೂರು ಗಜದೊಳಗೆ ಯಾರಿಗೂ ಮಾರಕೂಡದು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ, 2025ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ. ಇಲ್ಲಿ ಕಾನೂನಿನ ಬಿಗಿ ಮಾರುವವನ ಮೇಲಿದೆ, ಸೇದಿದ ಹುಡುಗನ ಮೇಲಲ್ಲ. ಬಾಲನ್ಯಾಯ ಕಾಯ್ದೆಯ 77ನೇ ಕಲಮು ಮಗುವಿಗೆ ಮದ್ಯ, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗಿನ ಸೆರೆವಾಸ ವಿಧಿಸುತ್ತದೆ. ವಾಹನದ ವಿಷಯದಲ್ಲೂ 2019ರ ತಿದ್ದುಪಡಿ ಈ ದಾರಿ ಹಿಡಿಯಿತು. ಅಪ್ರಾಪ್ತ ವಯಸ್ಕ ಅಪರಾಧ ಮಾಡಿದರೆ ಪೋಷಕ ಅಥವಾ ವಾಹನದ ಮಾಲೀಕ ಹೊಣೆ. ಅವರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಕೀಲಿ ಕೊಟ್ಟ ಕೈಯನ್ನು ಹಿಡಿಯುವ ಕಾನೂನು ಇದು, ಆದ್ದರಿಂದ ಸರಿಯಾದ ಕಾನೂನು.

ಎಲ್ಲಾ ಕಾನೂನುಗಳೂ ಇಷ್ಟು ಸ್ಪಷ್ಟವಾಗಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಪೂರ್ತಿ ನಿಷೇಧಿಸಿತು. ಇಟ್ಟುಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷ ಸೆರೆ, 20,000ದಿಂದ 50,000 ರೂಪಾಯಿ ದಂಡ. ಆದರೆ ಅದೇ ತಿದ್ದುಪಡಿ, ಶಾಲೆಯ ಸಮಯ ಮುಗಿದ ಮೇಲೆ ಮಗು ಅಪಾಯಕಾರಿಯಲ್ಲದ ಕುಟುಂಬದ ಉದ್ಯಮದಲ್ಲಿ ನೆರವಾಗಬಹುದು ಎಂದು ಬಾಗಿಲನ್ನು ಓರೆ ಮಾಡಿತು. ಅಪ್ಪನ ಹೊಲದಲ್ಲಿ ಮಗ ಕೈಜೋಡಿಸುವುದನ್ನು ಯಾರೂ ಅಪರಾಧ ಎನ್ನುವುದಿಲ್ಲ. ಆದರೆ ಕರಾವಳಿಯ ಬೀಡಿ, ಮೈಸೂರು ಬೆಂಗಳೂರಿನ ಊದುಬತ್ತಿ ಇಂಥ ಕೆಲಸಗಳು ಮನೆಗೇ ಬರುತ್ತವೆ. ಸಾಮಾನು ಕೊಡುವವನು ಒಬ್ಬ, ಸಾವಿರಕ್ಕೆ ಇಷ್ಟು ಎಂದು ಎಣಿಸಿಕೊಂಡು ಹೋಗುವವನು ಅವನೇ. ಹೊಸೆಯುವುದು ಮನೆಮಂದಿಯೆಲ್ಲ. ಲಾಭ ಹೋಗುವುದು ಗುತ್ತಿಗೆದಾರನಿಗೆ, ಹೊರನೋಟಕ್ಕೆ ಅದು ‘ಕುಟುಂಬದ ಉದ್ಯಮ’. ಇಲ್ಲಿ ಗೆರೆ ಕಟ್ಟಬೇಕಾದ ಕೈ ಜಾರಿಕೊಂಡಿದೆ. ಉತ್ತರ ಕರ್ನಾಟಕದ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲೂ ಇದೇ ಕಥೆ. ಹೂವಿಗೆ ಹೂ ಮುಟ್ಟಿಸುವ ಸೂಕ್ಷ್ಮ ಕೆಲಸಕ್ಕೆ ಪುಟ್ಟ ಬೆರಳು ಬೇಕೆಂದು ಮಕ್ಕಳನ್ನು ಇಳಿಸುತ್ತಾರೆ. ಸಿಕ್ಕಿಬಿದ್ದರೆ ಹೊಲದ ಸಣ್ಣ ರೈತ ಸಿಕ್ಕಿಬೀಳುತ್ತಾನೆ, ಆ ಬೀಜಕ್ಕೆ ದರ ಕಟ್ಟಿದ ಕಂಪನಿ ದೂರದಲ್ಲಿರುತ್ತದೆ.

ಟಿವಿ ರಿಯಾಲಿಟಿ ಷೋಗಳಲ್ಲಿ, ಸಿನಿಮಾಗಳಲ್ಲಿ ದುಡಿಯುವ ಮಕ್ಕಳಿಗೆ ಅದೇ ಕಾಯ್ದೆ ಇನ್ನೊಂದು ವಿನಾಯಿತಿ ಕೊಟ್ಟಿದೆ. ಆದರೆ ಅಲ್ಲಿ ನಿಯಮಗಳು ಹೆಚ್ಚು ವಿವೇಕದಿಂದ ಬಂದಿವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸಂಪಾದನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಹೊಣೆ ನಿರ್ಮಾಪಕರದು. ವೇದಿಕೆಯ ಮೇಲಿನ ಪುಟಾಣಿಗೆ ಚಪ್ಪಾಳೆ ತಟ್ಟುವ ನಾವು, ಈ ನಿಯಮ ಪಾಲನೆಯಾಗುತ್ತಿದೆಯೇ ಎಂದು ಒಮ್ಮೆಯಾದರೂ ಕೇಳಬೇಕಲ್ಲವೇ? ಊದುಬತ್ತಿಯ ಮನೆಗೂ ಬೀಡಿಯ ಮನೆಗೂ ಇಂಥದೇ ಸ್ಪಷ್ಟ ಹೊಣೆಗಾರಿಕೆ ಬರದೆ ಕುಟುಂಬದ ಉದ್ಯಮದ ವಿನಾಯಿತಿ ಮುಂದುವರಿಯುವುದು ನ್ಯಾಯವಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಮಗುವಿಗೆ ಒಂದನ್ನು ಬೇಡ ಎಂದಾಗ ಆ ಜಾಗದಲ್ಲಿ ಇನ್ನೊಂದನ್ನು ಕೊಡುವ ಸಾಲ ಸಮಾಜದ ತಲೆಯ ಮೇಲೆ ಬೀಳುತ್ತದೆ. ಕೆಲಸ ಬೇಡ ಎಂದರೆ ಶಾಲೆ ಕೊಡಬೇಕು. ಮದುವೆ ಬೇಡ ಎಂದರೆ ಕಾಲೇಜು, ಹಾಸ್ಟೆಲು, ಸಂಜೆ ಊರಿಗೆ ವಾಪಸು ಬರುವ ಬಸ್ಸು ಕೊಡಬೇಕು. ಈ ಸಾಲವನ್ನು ನಾವು ಎಲ್ಲಿ ತೀರಿಸಿಲ್ಲ ಎಂದು ನೋಡಿದರೆ ಕಾನೂನಿನ ಮಧ್ಯದಲ್ಲೇ ಒಂದು ದೊಡ್ಡ ಖಾಲಿ ಜಾಗ ಕಾಣುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಅಂದರೆ ಎಂಟನೇ ತರಗತಿಯವರೆಗೆ. ನಮ್ಮಲ್ಲಿ ಹೈಸ್ಕೂಲು ಎಂದರೆ ಎಂಟರಿಂದ ಹತ್ತು, ಅದರ ನಡುವೆಯೇ ಖಾತರಿ ಕಡಿದುಹೋಗುತ್ತದೆ. ಬಾಲಕಾರ್ಮಿಕ ಕಾಯ್ದೆಯ ಪೂರ್ಣ ನಿಷೇಧವೂ ಹದಿನಾಲ್ಕಕ್ಕೆ ಮುಗಿಯುತ್ತದೆ. ಅಲ್ಲಿಂದ ಹದಿನೆಂಟರವರೆಗೆ ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಷ್ಟೇ ನಿಷಿದ್ಧ. ಮದುವೆಗೆ ಹದಿನೆಂಟಾಗಬೇಕು. ಅಂದರೆ ಹದಿನಾಲ್ಕು ತುಂಬಿದ ಹುಡುಗಿಗೆ ಕಾನೂನು ಹೇಳುವುದು ಇಷ್ಟು: ಓದಿಸುವ ಖಾತರಿ ನಾನು ಕೊಡಲಾರೆ, ದುಡಿಯುವುದನ್ನು ಪೂರ್ತಿ ತಡೆಯಲಾರೆ, ಆದರೆ ನಾಲ್ಕು ವರ್ಷ ಮದುವೆಯಾಗದೆ ಕಾದಿರು. ಎಲ್ಲಿ ಕಾದಿರಬೇಕು, ಹೇಗೆ ಕಾದಿರಬೇಕು ಎಂಬುದಕ್ಕೆ ಉತ್ತರವಿಲ್ಲ. ಹೈಸ್ಕೂಲು ಬಿಟ್ಟು ಮನೆಯಲ್ಲಿ ಕೂತ ಹುಡುಗಿಯ ಬಗ್ಗೆ ಊರು ಮಾತಾಡತೊಡಗುತ್ತದೆ. ಗುಳೆ ಹೋಗುವ ಕುಟುಂಬಗಳಲ್ಲಿ ಬೆಳೆದ ಮಗಳನ್ನು ಕಬ್ಬಿನ ಗದ್ದೆಯ ಬಿಡಾರಕ್ಕೆ ಕರೆದೊಯ್ಯಲೂ ಭಯ, ಊರಲ್ಲಿ ಬಿಟ್ಟುಹೋಗಲೂ ಭಯ. ಆ ಭಯಕ್ಕೆ ಬಡವರ ಬಳಿ ಇರುವ ಒಂದೇ ಪರಿಹಾರ ಮದುವೆ. ಅವರನ್ನು ದಡ್ಡರೆಂದು ಬೈದರೆ ಕಾನೂನು ಗೆಲ್ಲುವುದಿಲ್ಲ, ಅವರ ಭಯವನ್ನು ಹೊತ್ತುಕೊಂಡರೆ ಗೆಲ್ಲುತ್ತದೆ.

ಕರ್ನಾಟಕದ ಅನುಭವವೇ ಇದಕ್ಕೆ ಸಾಕ್ಷಿ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ಬೆನ್ನಿಗೆ, ನಮ್ಮ ರಾಜ್ಯ ಬಾಲ್ಯವಿವಾಹ ನಿಷೇಧ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು, ಇಂಥ ಮದುವೆ ಆರಂಭದಿಂದಲೇ ಅಸಿಂಧು ಎಂದು ಸಾರಿತು. ತಪ್ಪಿತಸ್ಥರಿಗೆ ಕನಿಷ್ಠ ಒಂದು ವರ್ಷದ ಶಿಕ್ಷೆಯನ್ನೂ ಗೊತ್ತುಮಾಡಿತು. ಸುಪ್ರೀಂ ಕೋರ್ಟು 2017ರ ತೀರ್ಪಿನಲ್ಲಿ ಇದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಈ ದಾರಿ ಹಿಡಿಯಲಿ ಎಂದು ಆಶಿಸಿತು. ಆದರೂ 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3 ಮಂದಿ ಹದಿನೆಂಟಕ್ಕೆ ಮೊದಲೇ ಮದುವೆಯಾಗಿದ್ದರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ. 21.4. ಇವರಲ್ಲಿ ಹಲವರ ಮದುವೆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಆಗಿತ್ತು ಎಂಬುದನ್ನು ನೆನಪಿಡಬೇಕು, ಆದ್ದರಿಂದ ತಿದ್ದುಪಡಿ ಸೋತಿತು ಎನ್ನಲು ಈ ಅಂಕಿ ಸಾಲದು. ಆದರೆ ಹದಿನೆಂಟು ಎಂಬ ಗೆರೆ 1978ರಿಂದ ಇದ್ದೂ ನಾಲ್ಕು ದಶಕದ ನಂತರ ಐವರಲ್ಲಿ ಒಬ್ಬಳನ್ನು ಅದು ಕಾಯಲಾಗಲಿಲ್ಲ ಎನ್ನಲು ಸಾಕು. ಮದುವೆ ಅಸಿಂಧು ಎಂದು ಕಾಗದದಲ್ಲಿ ಬರೆದ ದಿನ ಆ ಹುಡುಗಿ ಎಲ್ಲಿ ಮಲಗುತ್ತಾಳೆ, ಮಾರನೆಯ ವರ್ಷ ಯಾವ ತರಗತಿಯಲ್ಲಿ ಕೂರುತ್ತಾಳೆ ಎಂಬುದು ಕಾನೂನಿನ ಅರ್ಧಭಾಗವಾಗಬೇಕು.

ಇದನ್ನು ಮಾಡುವುದು ನಮಗೆ ತಿಳಿಯದ ವಿದ್ಯೆಯೇನಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಈ ರಾಜ್ಯದಲ್ಲಿ 2006–07ರಲ್ಲೇ ಶುರುವಾಯಿತು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಇವೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಆದರೆ ಕಾಲೇಜು ಬಿಡುವ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಬಂತು? ಹದಿನೇಳರ ಹುಡುಗ ಲೈಸೆನ್ಸಿಲ್ಲದೆ ಬೈಕ್ ಹತ್ತುವುದಕ್ಕೂ ಎಷ್ಟೋ ಸಲ ಇದೇ ಕಾರಣ: ಪಿಯು ಕಾಲೇಜು ದೂರ, ಬಸ್ಸು ಇಲ್ಲ. ತಂದೆಗೆ 25,000 ದಂಡ ಹಾಕುವ ಸರ್ಕಾರ ಆ ಮಾರ್ಗದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಓಡಿಸುವ ಹೊಣೆಯನ್ನೂ ಹೊರಬೇಕು. ಹೆಣ್ಣುಮಕ್ಕಳ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2021ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಆ ಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಅದನ್ನು ಮತ್ತೆ ಎತ್ತುವ ಉತ್ಸಾಹ ಇರುವವರು ಮೊದಲು ಶಿಕ್ಷಣದ ಹಕ್ಕನ್ನು ಹದಿನೆಂಟರವರೆಗೆ ಚಾಚಲಿ. ಆ ಒಂದು ಕೆಲಸ ಮದುವೆಯ ವಯಸ್ಸನ್ನು ತಾನಾಗಿಯೇ ಮೇಲೆತ್ತುತ್ತದೆ.

ಇಲ್ಲೇ ಇನ್ನೊಂದು ಮಾತು. ವಯಸ್ಸಿನ ಕಾನೂನು ನಿಲ್ಲುವುದು ವಯಸ್ಸಿನ ದಾಖಲೆಯ ಮೇಲೆ. ಹಿಂದಿನ ತಲೆಮಾರಿನ ಅದೆಷ್ಟೋ ಕನ್ನಡಿಗರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು. ಬಾಲನ್ಯಾಯ ಕಾಯ್ದೆಯ ಪ್ರಕಾರ ವಯಸ್ಸು ನಿರ್ಧರಿಸಲು ಶಾಲೆಯ ಅಥವಾ ಎಸ್ಸೆಸ್ಸೆಲ್ಸಿಯ ದಾಖಲೆ ಮೊದಲು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ, ಅದೂ ಇಲ್ಲದಿದ್ದರೆ ಮೂಳೆಯ ಪರೀಕ್ಷೆ. ಮೂಳೆಯ ಪರೀಕ್ಷೆ ನಿಖರವಲ್ಲ, ಒಂದೆರಡು ವರ್ಷ ಆಚೀಚೆ ಆಗುತ್ತದೆ. ಹದಿನಾರರ ಹುಡುಗಿಯನ್ನು ಹದಿನೆಂಟು ಎಂದು ತೋರಿಸಲು ಅಷ್ಟು ಸಾಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಏಕೈಕ ಆಧಾರ ಎಂದು ಕಾನೂನು ಬದಲಾಗಿದೆ. ಒಳ್ಳೆಯದೇ. ಆದರೆ ಗುಳೆ ಹೋದ ಬಿಡಾರದಲ್ಲಿ, ಇಟ್ಟಿಗೆ ಗೂಡಿನ ಪಕ್ಕದಲ್ಲಿ ಹುಟ್ಟಿದ ಮಗುವಿನ ಹೆಸರನ್ನು ನೋಂದಾಯಿಸುವ ಕೆಲಸ ಅದರೊಂದಿಗೇ ಆಗಬೇಕು. ಪತ್ರವಿಲ್ಲದ ಮಗುವಿಗೆ ರಕ್ಷಣೆಯೂ ಇಲ್ಲ, ಶಾಲೆಯೂ ಇಲ್ಲ ಎಂದಾದರೆ ಅತ್ಯಂತ ದುರ್ಬಲರೇ ಗೆರೆಯಿಂದ ಹೊರಗುಳಿಯುತ್ತಾರೆ.

ಮೂರನೆಯ ಪ್ರಶ್ನೆ ಬೆಳೆಯುವಿಕೆಯದು. ಏಳರ ಮಗುವೂ ಹದಿನೇಳರ ತರುಣಿಯೂ ಕಾನೂನಿಗೆ ಒಂದೇ ‘ಮಗು’. ಆದರೆ ತಿಳಿವಳಿಕೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಒಳ್ಳೆಯ ಕಾನೂನೂ ಹಾಗೆಯೇ ಇರಬೇಕು. ಸಿನಿಮಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ ಇದಕ್ಕೆ ಒಳ್ಳೆಯ ಮಾದರಿ. ಮೊದಲಿದ್ದ ಒಂದೇ ಯುಎ ಪ್ರಮಾಣಪತ್ರ ಈಗ ಏಳು, ಹದಿಮೂರು, ಹದಿನಾರು ಎಂಬ ಮೂರು ಹಂತಗಳಾಗಿದೆ. ವಾಹನ ಕಾನೂನಿನಲ್ಲೂ ಐವತ್ತು ಸಿಸಿ ಮೀರದ ಗೇರಿಲ್ಲದ ಗಾಡಿಯನ್ನು ಹದಿನಾರಕ್ಕೆ ಓಡಿಸಬಹುದು ಎಂಬ ಮೆಟ್ಟಿಲಿದೆ. ಮತದಾನದ ಹಕ್ಕನ್ನು 1989ರಲ್ಲಿ 21ರಿಂದ 18ಕ್ಕೆ ಇಳಿಸಿದಾಗ, ಎಳೆಯರನ್ನು ನಂಬುವುದೂ ಕಾನೂನಿನ ಕೆಲಸ ಎಂದು ದೇಶ ಒಪ್ಪಿಕೊಂಡಿತು.

ಮೆಟ್ಟಿಲಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಪೋಕ್ಸೊ ಕಾಯ್ದೆಯ ಅನುಭವ ನೋಡಬೇಕು. 2012ರ ಈ ಕಾಯ್ದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಡುತ್ತಿದ್ದ ಸಮಾಜವನ್ನು ಬಾಯಿ ಬಿಡುವಂತೆ ಮಾಡಿತು, ಅದರ ಅಗತ್ಯವನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಸಮ್ಮತಿಯ ವಯಸ್ಸು ಹದಿನಾರರಿಂದ ಹದಿನೆಂಟಕ್ಕೆ ಏರಿದ ಮೇಲೆ, ಒಬ್ಬರನ್ನೊಬ್ಬರು ಮೆಚ್ಚಿ ಮನೆಬಿಟ್ಟ ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗನ ಪ್ರಕರಣಗಳೂ ಇದೇ ಕಾಯ್ದೆಯಡಿ ಬರತೊಡಗಿದವು. ಹುಡುಗ ಬೇರೆ ಜಾತಿಯವನಾದರೆ ದೂರು ಬೇಗ ದಾಖಲಾಗುತ್ತದೆ. ಮನೆಗೆ ಹೋಗಲೊಲ್ಲದ ಹುಡುಗಿ ಬಾಲಮಂದಿರ ಸೇರುತ್ತಾಳೆ, ಹುಡುಗ ಜೈಲು ಸೇರುತ್ತಾನೆ. ಮಗುವನ್ನು ಕಾಯಲು ಎಳೆದ ಗೆರೆ ಮನೆಯ ಮರ್ಯಾದೆ ಕಾಯಲು ಬಳಕೆಯಾಗುತ್ತದೆ.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಇಂಥದೊಂದು ಪ್ರಕರಣದಲ್ಲಿ, ವಾಸ್ತವವನ್ನು ನೋಡಿ ವಯಸ್ಸಿನ ಬಗ್ಗೆ ಮರುಚಿಂತನೆ ಆಗಬೇಕು ಎಂದು ಕಾನೂನು ಆಯೋಗದ ಗಮನ ಸೆಳೆಯಿತು. ಈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡ ಎಂದಿತು. ಆದರೆ ಹದಿನಾರರಿಂದ ಹದಿನೆಂಟರ ನಡುವಿನವರ ಮೌನ ಒಪ್ಪಿಗೆ ಕಾಣುವ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಸೂಚಿಸಿತು. ವಯಸ್ಸು ಇಳಿಸಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಇಳಿಸಿದರೆ ಹದಿನಾರರ ಹುಡುಗಿಯನ್ನು ಮರುಳು ಮಾಡುವ ನಲವತ್ತರ ಗಂಡಸಿಗೂ ‘ಅವಳೇ ಒಪ್ಪಿದ್ದಳು’ ಎಂಬ ಗುರಾಣಿ ಸಿಗುತ್ತದೆ. ಆದರೆ ಶಿಕ್ಷೆಯ ಹಂತದ ವಿವೇಚನೆ ಸಾಲದು, ಅಷ್ಟರಲ್ಲಿ ಎರಡು ಬದುಕುಗಳು ಬಂಧನ, ವಿಚಾರಣೆ, ಬಾಲಮಂದಿರಗಳಲ್ಲಿ ಕಳೆದುಹೋಗಿರುತ್ತವೆ. ಹದಿನಾರು ದಾಟಿದ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರ ನಡುವೆ ಒತ್ತಾಯ, ಅಧಿಕಾರ, ಆಮಿಷ ಇಲ್ಲದಿದ್ದರೆ ಅದು ಅಪರಾಧದ ವ್ಯಾಖ್ಯೆಯಿಂದಲೇ ಹೊರಗಿರಬೇಕು. ಎದುರಿಗಿರುವವನು ಎಷ್ಟು ದೊಡ್ಡವನು ಎಂದು ಕೇಳುವ ಬುದ್ಧಿ 1894ರ ಮೈಸೂರಿಗೆ ಇತ್ತು. ಇಂದಿನ ಸಂಸತ್ತಿಗೂ ಅದು ಸಾಧ್ಯವಾಗಬೇಕು.

ಈಗ ಎಲ್ಲರ ಬಾಯಲ್ಲಿರುವ ಹೊಸ ಗೆರೆಗೆ ಬರೋಣ: ಸಾಮಾಜಿಕ ಜಾಲತಾಣ. ಕರ್ನಾಟಕ ಹೈಕೋರ್ಟು 2023ರಲ್ಲಿ ಒಂದು ವಿಚಾರಣೆಯ ವೇಳೆ, ಜಾಲತಾಣ ಬಳಕೆಗೆ ವಯಸ್ಸಿನ ಮಿತಿ ಇರಬೇಕು ಎಂಬ ಅಭಿಪ್ರಾಯ ವ್ಯಕ್ತಪಡಿಸಿತ್ತು. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂದಿದೆ. ಪಾಲಿಸದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮಗುವಿಗೂ ಪೋಷಕರಿಗೂ ಯಾವ ಶಿಕ್ಷೆಯೂ ಇಲ್ಲ. ಮೊದಲ ಪ್ರಶ್ನೆಯಲ್ಲಿ ಈ ಕಾನೂನು ಚೆನ್ನಾಗಿ ತೇರ್ಗಡೆಯಾಗುತ್ತದೆ: ಹಣ ಮಾಡುವವನ ಕೈಯನ್ನೇ ಅದು ಕಟ್ಟಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಮಕ್ಕಳ ಬೆನ್ನಟ್ಟಿ ಅವರ ನಡವಳಿಕೆಯನ್ನು ದಾಖಲಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ತಪ್ಪಿದ ಕಂಪನಿಗೆ 200 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ನಿಷೇಧದ ಭಾಗ ಗಟ್ಟಿಯಾದದ್ದು, ಅದನ್ನು ಬಿಗಿಯಾಗಿ ಜಾರಿ ಮಾಡಬೇಕು.

ಆದರೆ ಒಪ್ಪಿಗೆಯ ಭಾಗ ಮೂರನೆಯ ಪ್ರಶ್ನೆಯಲ್ಲಿ ಎಡವುತ್ತದೆ. ಏಳರ ಮಗುವಿಗೂ ದ್ವಿತೀಯ ಪಿಯುಸಿ ಓದುವವಳಿಗೂ ಅದು ಒಂದೇ ಬೀಗ ಹಾಕಿದೆ. ಒಂದೇ ಫೋನನ್ನು ಮನೆಯವರೆಲ್ಲ ಹಂಚಿಕೊಳ್ಳುವ ನಮ್ಮ ಹಳ್ಳಿಗಳಲ್ಲಿ, ಕಂಪನಿಯ ಭಾಷೆಯೇ ತಿಳಿಯದ ತಾಯಿ ಒತ್ತುವ ಗುಂಡಿ ಎಂಥ ಒಪ್ಪಿಗೆ? ಎರಡನೆಯ ಪ್ರಶ್ನೆಯೂ ಇಲ್ಲಿ ತೀಕ್ಷ್ಣವಾಗಿದೆ. ಫೋನು ಬೇಡ ಎಂದರೆ ಹುಡುಗನಿಗೆ ಆಟದ ಮೈದಾನವಾದರೂ ಇದೆ, ಹುಡುಗಿಗೆ ಅದೂ ಇಲ್ಲ. ಪರಊರಿನ ಗೆಳತಿ, ಸ್ಪರ್ಧಾತ್ಮಕ ಪರೀಕ್ಷೆಯ ಪಾಠ, ಸಹಾಯ ಬೇಕಾದಾಗ ಒಂದು ದನಿ, ಇವು ಅವಳಿಗೆ ಸಿಗುವುದು ಆ ಪುಟ್ಟ ಪರದೆಯಲ್ಲೇ. ನಮ್ಮಲ್ಲಿ ಇಂಥ ಕಾನೂನು ಬಂದರೆ ಅದು ಕಂಪನಿಯ ಜಾಹೀರಾತು, ಅಪರಿಚಿತರ ಸಂದೇಶ, ಕೊನೆಯೇ ಇಲ್ಲದ ವೀಡಿಯೊ ಸಾಲುಗಳಿಗೆ ಕಡಿವಾಣ ಹಾಕಲಿ. ಮಗಳ ಕೈಯಿಂದ ಫೋನು ಕಿತ್ತುಕೊಳ್ಳಲು ಅಣ್ಣನಿಗೊಂದು ನೆಪವಾಗದಿರಲಿ. ಜೊತೆಗೆ ಪ್ರತಿ ಪಂಚಾಯಿತಿಯ ಗ್ರಂಥಾಲಯ ಹುಡುಗಿಯರಿಗೂ ಸಂಜೆ ತೆರೆದಿರಲಿ.

‘ನಮ್ಮ ಮಕ್ಕಳನ್ನು ಬೆಳೆಸುವುದು ನಮಗೆ ಗೊತ್ತು, ಸರ್ಕಾರ ಯಾಕೆ ನಡುವೆ ಬರಬೇಕು?’ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಬಹುತೇಕ ಅಪ್ಪ ಅಮ್ಮಂದಿರು ಮಕ್ಕಳಿಗೆ ಒಳ್ಳೆಯದನ್ನೇ ಬಯಸುತ್ತಾರೆ. ಆದರೆ ಬಯಸಿದ್ದನ್ನು ಮಾಡುವ ಬಲ ಎಲ್ಲರಿಗೂ ಇರುವುದಿಲ್ಲ. ಮುಂಗಡ ಕೊಟ್ಟ ಮಾಲೀಕ, ವರದಕ್ಷಿಣೆ ಕಡಿಮೆ ಮಾಡುತ್ತೇವೆ ಎನ್ನುವ ಬೀಗರು, ಮಗ ಹಟ ಹಿಡಿದಾಗ ಕೀಲಿ ಕೊಡು ಎನ್ನುವ ಬಂಧುಗಳು, ಇವರೆದುರು ‘ನನಗೆ ಮನಸ್ಸಿಲ್ಲ’ ಎನ್ನುವುದು ಕಷ್ಟ, ‘ಕಾನೂನು ಬಿಡುವುದಿಲ್ಲ’ ಎನ್ನುವುದು ಸುಲಭ. ಮಗಳ ಮದುವೆ ಬೇಡವೆಂದು ಒಳಗೊಳಗೇ ಅಂದುಕೊಂಡ ತಾಯಿಗೆ ಆ ಗೆರೆ ಬೆನ್ನಿಗೆ ನಿಲ್ಲುವ ಬಲ. ಬಾಲಕಾರ್ಮಿಕ ಕಾಯ್ದೆ ಮೊದಲ ಸಲ ತಪ್ಪಿದ ತಂದೆತಾಯಿಗೆ ಶಿಕ್ಷೆ ಬೇಡ ಎಂದದ್ದು ಈ ತಿಳಿವಳಿಕೆಯಿಂದಲೇ.

ಕೊನೆಗೆ, ಯಾರಿಗಾಗಿ ಗೆರೆ ಎಳೆಯುತ್ತೇವೆಯೋ ಅವರನ್ನು ಕೇಳುವ ಪದ್ಧತಿಯೂ ಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆ ಇದೆ. ಅಲ್ಲಿ ಮಕ್ಕಳು ಕೇಳುವುದು ಶೌಚಾಲಯ, ಬಸ್ಸು, ಬೀದಿದೀಪ, ಶಾಲೆಯ ದಾರಿಯಲ್ಲಿರುವ ಹೆಂಡದಂಗಡಿಯನ್ನು ಎತ್ತಿಸುವುದು. ದೊಡ್ಡವರು ಭಾಷಣ ಮಾಡಿ, ಬಿಸ್ಕತ್ತು ಹಂಚಿ, ಸಭೆ ಮುಗಿಸುವ ಕಡೆ ಈ ಬೇಡಿಕೆಗಳು ನಡಾವಳಿ ಪುಸ್ತಕದಲ್ಲೇ ಉಳಿಯುತ್ತವೆ. ಹಾಗಾಗಕೂಡದು. ಹದಿನೆಂಟಾಗುವವರೆಗೆ ಮತ ಹಾಕಬೇಡ, ಮದುವೆಯಾಗಬೇಡ, ಗೇರಿನ ಗಾಡಿ ಓಡಿಸಬೇಡ, ಅಪಾಯದ ಕೆಲಸ ಮಾಡಬೇಡ ಎಂದು ನಾವು ಹೇಳುವಾಗ, ಅಷ್ಟೂ ವರ್ಷ ನಿನ್ನ ಬೇಡಿಕೆಗಳನ್ನು ನಾವು ನಡೆಸಿಕೊಡುತ್ತೇವೆ ಎಂಬ ಮಾತನ್ನೂ ಕೊಟ್ಟಿರುತ್ತೇವೆ. ಆ ಮಾತು ಉಳಿಸಿಕೊಳ್ಳುವ ದಾರಿ ಸ್ಪಷ್ಟವಿದೆ: ಶಿಕ್ಷಣದ ಹಕ್ಕನ್ನು ಹದಿನೆಂಟರವರೆಗೆ ವಿಸ್ತರಿಸಬೇಕು, ಮನೆಗೆ ಬರುವ ಗುತ್ತಿಗೆ ಕೆಲಸದ ಹೊಣೆಯನ್ನು ಗುತ್ತಿಗೆದಾರನಿಗೂ ಕಂಪನಿಗೂ ಹೊರಿಸಬೇಕು, ಸಮವಯಸ್ಕರ ಒಲವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕು, ಜಾಲತಾಣದ ಲಗಾಮನ್ನು ಮಗುವಿಗಲ್ಲ, ಕಂಪನಿಗೆ ಹಾಕಬೇಕು. ಇಷ್ಟು ಮಾಡಿದ ಸಮಾಜಕ್ಕೆ ಮಕ್ಕಳ ಎದುರು ನಿಂತು ‘ಇನ್ನೂ ಸ್ವಲ್ಪ ಕಾಯಿ’ ಎನ್ನುವ ಹಕ್ಕಿದೆ.